“ಕದನ ಇನ್ನೂ ನಿಂತಿಲ್ಲ” ಎಂದು ಬರೆದಿದ್ದಾಳೆ, ಆದರೆ ಅದು ಹಿಂದಿನ ಸಂಜೆಯೇ ಮುಗಿದಿತ್ತಲ್ಲ?

ಮಸಿಕುಡಿಕೆ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಅಬಿಗೇಲ್ ಆಡಮ್ಸ್ ತನ್ನ ಗಂಡ ಜಾನ್‌ಗೆ ಬರೆದ ಕೆಲವು ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಾರೂ ಹೇಳಿ ಮಾಡಿಸುತ್ತಿಲ್ಲ, ನನ್ನದೇ ಹುಚ್ಚು. ಮೂರು ವಾರದಿಂದ ಒಂದೇ ಪತ್ರದ ಮುಂದೆ ಕೂತುಬಿಟ್ಟಿದ್ದೇನೆ.

ಪತ್ರದ ತಾರೀಖು 1775ರ ಜೂನ್ 18, ಭಾನುವಾರ. ಜಾನ್ ಇರುವುದು ಫಿಲಡೆಲ್ಫಿಯಾದಲ್ಲಿ, ಕಾಂಟಿನೆಂಟಲ್ ಕಾಂಗ್ರೆಸ್‌ನ (ವಸಾಹತುಗಳ ಪ್ರತಿನಿಧಿಗಳ ಸಭೆಯ) ಕೆಲಸದ ಮೇಲೆ. ಅಬಿಗೇಲ್ ಬಾಸ್ಟನ್ ಹತ್ತಿರದ ಬ್ರೇನ್‌ಟ್ರೀಯಲ್ಲಿ, ನಾಲ್ಕು ಮಕ್ಕಳ ಜೊತೆ. ಹಿಂದಿನ ದಿನ ಬಾಸ್ಟನ್ ಪಕ್ಕದ ಚಾರ್ಲ್ಸ್‌ಟೌನ್‌ನಲ್ಲಿ ಬ್ರಿಟಿಷರಿಗೂ ವಸಾಹತಿನವರಿಗೂ ಬಂಕರ್ ಹಿಲ್ ಕದನ ನಡೆದಿದೆ. ಏಳು ವರ್ಷದ ಮಗ ಜಾನ್ ಕ್ವಿನ್ಸಿಯನ್ನು ಕರೆದುಕೊಂಡು ಮನೆ ಹತ್ತಿರದ ಪೆನ್ಸ್ ಹಿಲ್ ಹತ್ತಿ, ದೂರದಲ್ಲಿ ಚಾರ್ಲ್ಸ್‌ಟೌನ್ ಉರಿಯುವುದನ್ನು ನೋಡಿದ್ದಾಳೆ.

ಮಾರನೆಯ ದಿನ ಬರೆಯಲು ಕೂತವಳು ಉಭಯ ಕುಶಲೋಪರಿಯ ಗೋಜಿಗೇ ಹೋಗುವುದಿಲ್ಲ. ಆ ದಿನ, ಬಹುಶಃ ನಿರ್ಣಾಯಕ ದಿನ, ಬಂದೇಬಿಟ್ಟಿತು ಎಂದು ಶುರು ಮಾಡುತ್ತಾಳೆ. ಎದೆ ಒಡೆಯುವಂತಾಗಿದೆ, ಬರೆದೇ ಹಗುರಾಗಬೇಕು ಅನ್ನುತ್ತಾಳೆ. ಮನೆಯವರಿಗೆಲ್ಲ ಬೇಕಾದ ಡಾಕ್ಟರ್ ಜೋಸೆಫ್ ವಾರೆನ್ ಕದನದಲ್ಲಿ ಸತ್ತ ಸುದ್ದಿ ಆಗಷ್ಟೇ ಬಂದಿದೆ. ಚಾರ್ಲ್ಸ್‌ಟೌನ್ ಬೂದಿಯಾಗಿದೆ. ಆಮೇಲೆ ಈ ಮಾತು: ಕದನ ಶನಿವಾರ ಬೆಳಗಿನ ಜಾವ ಸುಮಾರು ಮೂರಕ್ಕೆ ಶುರುವಾಯಿತು, ಇನ್ನೂ ನಿಂತಿಲ್ಲ, ಈಗ ಭಾನುವಾರ ಮಧ್ಯಾಹ್ನ ಮೂರು ಗಂಟೆ.

ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಇತಿಹಾಸದ ಪುಸ್ತಕ ಯಾವುದನ್ನೇ ತೆಗೆದರೂ ಕದನ ಶನಿವಾರ ಸಂಜೆಗೆ ಮುಗಿದಿದೆ, ಗುಡ್ಡ ಬ್ರಿಟಿಷರ ಕೈಗೆ ಹೋಗಿದೆ. ಹಾಗಾದರೆ ಇವಳು ಬರೆದದ್ದು ತಪ್ಪಾ? ಕೆಳಗೆ ಅಡಿಟಿಪ್ಪಣಿ ಹಾಕಲಾ, ಸುಮ್ನೆ ಬಿಡಲಾ?

ಇನ್ನೊಂದು ತಲೆನೋವು. ಕದನಕ್ಕೆ ಸ್ವಲ್ಪ ಮುಂಚಿನ ಪತ್ರವೊಂದರಲ್ಲಿ ಗಂಡನಿಗೆ ಗುಂಡುಸೂಜಿ ತರಲು ಹೇಳುತ್ತಾಳೆ. ಒಂದೆರಡಲ್ಲ, ಒಂದು ಕಟ್ಟು, ಅಂದರೆ ಆರು ಸಾವಿರ! ಮೊದಲು ಏಳೂವರೆ ಶಿಲ್ಲಿಂಗ್‌ಗೆ ಬರುತ್ತಿದ್ದದ್ದು ಈಗ 20 ಶಿಲ್ಲಿಂಗ್ ಆಗಿದೆ, ಅಷ್ಟು ಕೊಟ್ಟರೂ ಸಿಗುವುದಿಲ್ಲವಂತೆ. ನನ್ನ ಕರಡು ಓದಿದ ಗೆಳತಿ, “ಯುದ್ಧದ ಪತ್ರಗಳು ಅಂತೀಯ, ಮಧ್ಯದಲ್ಲಿ ಇದೇನೇ ಸಂತೆ ಚೀಟಿ? ತೆಗೆದುಹಾಕು” ಅಂದಳು. ನನಗೆ ತೆಗೆಯಲು ಮನಸ್ಸಿಲ್ಲ. ಆದರೆ ಇಟ್ಟುಕೊಳ್ಳುವುದಕ್ಕೆ ಕಾರಣವೂ ಹೊಳೆಯುತ್ತಿಲ್ಲ.

ಕೊನೆಯದು, ನಮ್ಮ ಭಾಷೆಯದ್ದೇ ಕಷ್ಟ. ಗಂಡನಿಗೆ ‘ನೀನು’ ಅನ್ನಲೋ ‘ನೀವು’ ಅನ್ನಲೋ? ಮೊದಲ ಕರಡಿನಲ್ಲಿ ‘ನೀವು’ ಹಾಕಿದ್ದೆ. ಓದಿದರೆ ಗುಮಾಸ್ತರು ಸಾಹೇಬರಿಗೆ ವರದಿ ಒಪ್ಪಿಸಿದ ಹಾಗಿತ್ತು.

ಫಿರಂಗಿಸದ್ದು:

ಸರ್, ಮೊದಲನೆಯದಕ್ಕೆ ಉತ್ತರ ನನ್ನ ಹತ್ತಿರ ಇದೆ. ತಪ್ಪು ಅನ್ನಬೇಡಿ. ಅವಳು ಬರೆದದ್ದು ಕಿವಿಗೆ ಬಿದ್ದ ಯುದ್ಧ.

ಆ ದಿನ ನಡೆದದ್ದು ಇಷ್ಟು. ವಸಾಹತಿನ ಸೈನಿಕರು ರಾತ್ರೋರಾತ್ರಿ ಗುಡ್ಡದ ಮೇಲೆ ಮಣ್ಣಿನ ಕೋಟೆ ಕಟ್ಟಿದ್ದರು. (ಹೆಸರು ಬಂಕರ್ ಹಿಲ್ ಎಂದು ನಿಂತರೂ ಹೆಚ್ಚಿನ ಕಾದಾಟ ಪಕ್ಕದ ಬ್ರೀಡ್ಸ್ ಹಿಲ್‌ನಲ್ಲಿ.) ಬೆಳಕು ಹರಿಯುವಾಗ ‘ಲೈವ್ಲಿ’ ಎಂಬ ಬ್ರಿಟಿಷ್ ಹಡಗು ಅದನ್ನು ಕಂಡು ಫಿರಂಗಿ ಹಾರಿಸಿತು. ಬೆಳಗಿನ ಜಾವ ಬ್ರೇನ್‌ಟ್ರೀಗೆ ಕೇಳಿಸಿದ್ದು ಅದೇ. ಕಾಲಾಳುಗಳು ಗುಡ್ಡ ಏರಿದ್ದು ಮಧ್ಯಾಹ್ನ. ಎರಡು ಸಲ ಹಿಮ್ಮೆಟ್ಟಿ, ಮೂರನೇ ಸಲಕ್ಕೆ ಕೋಟೆ ಹಿಡಿದರು. ಒಳಗಿದ್ದವರ ಮದ್ದು ಮುಗಿದುಹೋಗಿತ್ತು. ಗೆದ್ದವರಿಗೇ ಪೆಟ್ಟು ಜಾಸ್ತಿ: ಬ್ರಿಟಿಷರಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸಾವಿರದ ಮೇಲೆ, ಈ ಕಡೆ ಸುಮಾರು 450.

ಸಂಜೆಗೆ ಗುಡ್ಡ ಕೈಬಿಟ್ಟಿತು ನಿಜ, ಆದರೆ ಫಿರಂಗಿಗಳು ಬಾಯಿ ಮುಚ್ಚಲಿಲ್ಲ. ಹತ್ತು ಮೈಲಿ ಆಚೆ ಮನೆಯಲ್ಲಿ ಕೂತವಳಿಗೆ ಗುಡ್ಡ ಯಾರ ಕೈಯಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಸದ್ದು ಇದ್ದರೆ ಯುದ್ಧ ಇದೆ. ಅದೇ ಪತ್ರದಲ್ಲಿ, ಈ ಮೊರೆತಕ್ಕೆ ತಿನ್ನಲೂ ಆಗುತ್ತಿಲ್ಲ, ಕುಡಿಯಲೂ ಆಗುತ್ತಿಲ್ಲ, ನಿದ್ದೆಯೂ ಇಲ್ಲ ಎಂದು ಬರೆದಿದ್ದಾಳಲ್ಲ. ಶತ್ರುಗಳು ಅಂದೇ ರಾತ್ರಿ ಬಾಸ್ಟನ್‌ನಿಂದ ಹೊರಗೆ ನುಗ್ಗುತ್ತಾರೆ ಎಂಬ ಭಯವೂ ಇತ್ತು. ಹಾಗಾದರೆ ಎಲ್ಲಿಗೆ ಓಡಬೇಕು ಎಂದು ಮೈದುನನ ಮನೆಯಲ್ಲಿ ಜಾಗ ಗೊತ್ತು ಮಾಡಿಕೊಂಡಿದ್ದಳು. ನಿಜವಾದ ಅಪಾಯ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಓಡು ಎಂದು ಜಾನ್ ಮೇ ತಿಂಗಳಲ್ಲೇ ಬರೆದಿದ್ದ. ದೂರದಲ್ಲಿ ಕೂತು ಹೇಳುವುದು ಸುಲಭ ಅಲ್ವಾ!

ಅವಳ ಅಂದಾಜು ಯಾವಾಗಲೂ ಸರಿ ಅಂತಲೂ ಇಲ್ಲ. 1776ರ ಮಾರ್ಚ್ ಪತ್ರ ನೋಡಿ. ಬರೆಯುತ್ತಾ ಬರೆಯುತ್ತಾ ಮನೆ ನಡುಗುತ್ತದೆ. ಎದ್ದು ಬಾಗಿಲಿಗೆ ಹೋಗಿ ನೋಡಿ ಬಂದು, ನಮ್ಮ ಸೈನ್ಯದ್ದೇ ಫಿರಂಗಿ ಎಂದು ಅದೇ ಕಾಗದದಲ್ಲಿ ಮುಂದುವರಿಸುತ್ತಾಳೆ. ರಾತ್ರಿಯಿಡೀ ಫಿರಂಗಿಯ ಜೊತೆ ಎದೆಯೂ ಹೊಡೆದುಕೊಳ್ಳುತ್ತಿತ್ತಂತೆ. ಇಷ್ಟೆಲ್ಲ ಆದ ಮೇಲೆ ಗೊತ್ತಾದದ್ದೇನು? ಬಾಸ್ಟನ್ ಎದುರಿನ ಡಾರ್ಚೆಸ್ಟರ್ ಗುಡ್ಡಗಳನ್ನು ಮಾತ್ರ ಹಿಡಿದಿದ್ದಾರೆ. ‘ಇಂಥ ಎರಡು ಗುಡ್ಡಕ್ಕೋಸ್ಕರ ನಾನು ಇಷ್ಟು ಅನುಭವಿಸುತ್ತಿರಲಿಲ್ಲ’ ಎಂದು ಸಿಡುಕುತ್ತಾಳೆ. ಮಾರ್ಚ್ 17ಕ್ಕೆ ಬ್ರಿಟಿಷರು ಹಡಗು ಹತ್ತಿ ಬಾಸ್ಟನ್ ಬಿಟ್ಟರು. ಓಡಿಸಿದ್ದು ಅದೇ ಎರಡು ಗುಡ್ಡ. ನನಗೆ ಆ ಸಿಡುಕೇ ಇಷ್ಟ.

ಅಡಿಟಿಪ್ಪಣಿ ಬೇಕಾದರೆ ಪುಸ್ತಕದ ಹಿಂದೆ ಹಾಕಿ. ಸಾಲಿನ ಕೆಳಗೇ ಹಾಕಿದರೆ ಓದುಗ ಅವಳಿಗಿಂತ ಜಾಣನಾಗಿಬಿಡುತ್ತಾನೆ.

ಹಳೇಟಪಾಲು:

ಕದನದ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಟಪಾಲಿನ ಹುಳು, ಆ ಕಡೆಯದ್ದು ಸೇರಿಸುತ್ತೇನೆ.

ಆ ಪತ್ರವನ್ನು ಒಂದೇ ಪತ್ರ ಅಂದುಕೊಂಡರೆ ಅನುವಾದ ಕೆಡುತ್ತದೆ. ಭಾನುವಾರ ಶುರು ಮಾಡಿ, ಇನ್ನು ಬರೆಯಲು ಆಗುತ್ತಿಲ್ಲ, ಹೆಚ್ಚಿಗೆ ತಿಳಿದರೆ ಸೇರಿಸುತ್ತೇನೆ ಎಂದು ನಿಲ್ಲಿಸುತ್ತಾಳೆ. ಮತ್ತೆ ಲೇಖನಿ ಹಿಡಿಯುವುದು ಮಂಗಳವಾರ ಮಧ್ಯಾಹ್ನ. ಅದೂ ಯಾಕೆ? ಕರ್ನಲ್ ಪಾಮರ್ ಅವರು, ಕಾಗದ ಕಳಿಸಲು ಒಂದು ಅನುಕೂಲ ಇದೆ ಎಂದು ಹೇಳಿಕಳಿಸಿದ್ದಕ್ಕೆ. ತಿದ್ದಲು ಸಮಯವಿಲ್ಲ, ಈ ಗೀಚು ಹೀಗೇ ಹೋಗಲಿ ಅನ್ನುತ್ತಾಳೆ.

ಯುದ್ಧದ ಸುದ್ದಿ ಓಡಾಡಿದ್ದು ಹೆಚ್ಚಾಗಿ ಹೀಗೇ. ಆ ಕಡೆ ಹೋಗುವ ನಂಬಿಕಸ್ತರು ಸಿಕ್ಕರೆ ಅವರ ಕೈಗೆ ಕೊಡುವುದು. ಕಾಂಗ್ರೆಸ್ ತನ್ನದೇ ಅಂಚೆ ವ್ಯವಸ್ಥೆ ಮಾಡಿದ್ದು 1775ರ ಜುಲೈ 26ಕ್ಕೆ, ಅಂದರೆ ಈ ಪತ್ರ ಹೋದ ಒಂದು ತಿಂಗಳ ನಂತರ. ಮುಖ್ಯಸ್ಥ ಬೆಂಜಮಿನ್ ಫ್ರಾಂಕ್ಲಿನ್. ಮೊದಲು ಬ್ರಿಟಿಷರ ಅಂಚೆಯಲ್ಲೂ ಅದೇ ಕೆಲಸ ಮಾಡುತ್ತಿದ್ದ ಇವರನ್ನು ಬ್ರಿಟಿಷರು 1774ರಲ್ಲಿ ತೆಗೆದುಹಾಕಿದ್ದರು. ಹೊಸ ಅಂಚೆ ಬಂದರೂ ಖರ್ಚು ಸಣ್ಣದಲ್ಲ. ದೂರ ಎಷ್ಟು, ಹಾಳೆ ಎಷ್ಟು ಎಂದು ಲೆಕ್ಕ, ಮತ್ತು ದುಡ್ಡು ಕೊಡುವವರು ಸಾಮಾನ್ಯವಾಗಿ ಕಾಗದ ಪಡೆದವರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ! ಅದಕ್ಕೇ ಬರೆದ ಹಾಳೆಯನ್ನೇ ಮಡಚಿ, ಅರಗಿನ ಮುದ್ರೆ ಒತ್ತಿ, ಬೆನ್ನ ಮೇಲೆ ವಿಳಾಸ. 1776ರಲ್ಲಿ ಕಾಂಗ್ರೆಸ್ ಸಾಮಾನ್ಯ ಸಿಪಾಯಿಗಳ ಕಾಗದಗಳಿಗೆ ಅಂಚೆ ಖರ್ಚು ಬೇಡ ಎಂದು ಗೊತ್ತುಮಾಡಿತು.

ಕೈಯಲ್ಲಿ ಕೊಟ್ಟು ಕಳಿಸುವುದರಲ್ಲೂ ಎಡವಟ್ಟು ಇತ್ತು. ಜುಲೈ 24ಕ್ಕೆ ಜಾನ್ ಎರಡು ಪತ್ರ ಬರೆದು ಒಬ್ಬ ಯುವ ವಕೀಲನ ಕೈಗೆ ಕೊಟ್ಟ. ಒಂದು ಅಬಿಗೇಲ್‌ಗೆ, ಒಂದು ಸ್ನೇಹಿತ ಜೇಮ್ಸ್ ವಾರೆನ್‌ಗೆ. ನ್ಯಾರಗ್ಯಾನ್ಸೆಟ್ ಕೊಲ್ಲಿ ದಾಟುವಾಗ ಆತ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ. ಆಗಸ್ಟ್‌ನಲ್ಲಿ ಎರಡೂ ಪತ್ರ ಬಾಸ್ಟನ್‌ನ ಪತ್ರಿಕೆಯಲ್ಲಿ ಅಚ್ಚಾದವು! ಹೆಂಡತಿಗೆ ಬರೆದದ್ದರಲ್ಲಿ ಕಾಂಗ್ರೆಸ್‌ನ ಸಹಪಾಠಿಗಳ, ಅಲ್ಲಲ್ಲ, ಸಹೋದ್ಯೋಗಿಗಳ ಚಡಪಡಿಕೆ, ಜಂಬ, ಸಿಡುಕು ಎಲ್ಲದರ ಬಗ್ಗೆ ಗೊಣಗಾಟ. ಸ್ನೇಹಿತನಿಗೆ ಬರೆದದ್ದರಲ್ಲಿ ಪೆನ್ಸಿಲ್ವೇನಿಯಾದ ಪ್ರತಿನಿಧಿ ಜಾನ್ ಡಿಕಿನ್ಸನ್ ಬಗ್ಗೆ, ಹೆಸರು ಹೇಳದೆ, ಆಸ್ತಿ ದೊಡ್ಡದು, ಬುದ್ಧಿ ಕ್ಷುಲ್ಲಕ ಎಂಬಂಥ ಕೊಂಕು. ಹೆಸರು ಹಾಕದಿದ್ದರೇನು, ಎಲ್ಲರಿಗೂ ಗೊತ್ತಾಯಿತು. ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದ ಚೆಸ್ಟ್‌ನಟ್ ಬೀದಿಯಲ್ಲಿ ಇಬ್ಬರೂ ಎದುರಾದರು. ಮೊಣಕೈ ತಾಗುವಷ್ಟು ಹತ್ತಿರ. ಜಾನ್ ಟೋಪಿ ತೆಗೆದು ವಂದಿಸಿದ. ಡಿಕಿನ್ಸನ್ ಟೋಪಿಯನ್ನೂ ಅಲುಗಿಸಲಿಲ್ಲ, ತಲೆಯನ್ನೂ ಅಲುಗಿಸಲಿಲ್ಲ, ಸೀದಾ ಹೋದರು. ಇದನ್ನು ಜಾನ್ ತನ್ನ ದಿನಚರಿಯಲ್ಲಿ ತಾನೇ ಬರೆದುಕೊಂಡಿದ್ದಾನೆ.

ಹೀಗಿರುವಾಗ ಗಂಡನ ಕಾಗದಗಳು ಮೊಟಕಾಗಿ, ಒಣಒಣವಾಗಿ ಬರುತ್ತಿದ್ದವು ಎಂದರೆ ಆಶ್ಚರ್ಯವಿಲ್ಲ. ಆದರೆ ಅಬಿಗೇಲ್ ಇದಕ್ಕೂ ಮುಂಚೆ, ಜುಲೈ 16ಕ್ಕೇ ಜಗಳ ತೆಗೆದಿದ್ದಳು. ನಿಮ್ಮ ಕಾಗದಗಳೆಲ್ಲ ಅವಸರದಲ್ಲಿ ಬರೆದವು, ಸ್ವಲ್ಪ ಮನಸ್ಸಿನ ಮಾತೂ ಇರಲಿ ಎಂದು.

ಮಸಿಕುಡಿಕೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. (ಫಿರಂಗಿಸದ್ದು ಅವರೇ, ನಾನು ಸರ್ ಅಲ್ಲ, ಮೇಡಂ. ಪರವಾಗಿಲ್ಲ ಬಿಡಿ.)

ಆ ಎರಡು ದಿನದ ಬಿಡುವನ್ನು ನಾನು ಗಮನಿಸಿಯೇ ಇರಲಿಲ್ಲ ನೋಡಿ! ಒಂದೇ ಉಸಿರಿನಲ್ಲಿ ಓದಿಸಿಕೊಂಡು ಹೋಗಲಿ ಎಂದು ಎರಡು ಭಾಗವನ್ನೂ ಅಂಟಿಸಿಬಿಟ್ಟಿದ್ದೆ. ಮಂಗಳವಾರದ ಭಾಗದಲ್ಲೇ ಒಂದು ಸಾಲು ಇದೆ. ಗಾಳಿಯಷ್ಟೇ ಅಸ್ಪಷ್ಟವಾದ, ನೆಚ್ಚಲಾಗದ ಹತ್ತು ಸಾವಿರ ಸುದ್ದಿಗಳು ಹಾರಾಡುತ್ತಿವೆ ಎನ್ನುವ ಅರ್ಥದ್ದು. ಇದನ್ನು ಅನುವಾದಿಸಲು ಅರ್ಧ ಪುಟ ಗೀಚಿ ಹರಿದೆ. ಆಮೇಲೆ ನೆನಪಾಯಿತು, ನಮ್ಮಲ್ಲಿ ‘ಗಾಳಿಸುದ್ದಿ’ ಇದೆಯಲ್ಲ! ಅವಳು ಇಡೀ ವಾಕ್ಯದಲ್ಲಿ ಹೇಳಿದ್ದನ್ನು ನಾವು ಒಂದೇ ಪದದಲ್ಲಿ ಇಟ್ಟುಕೊಂಡಿದ್ದೇವೆ. ಕನ್ನಡಕ್ಕೆ ಬಿಟ್ಟಿ ಸಿಕ್ಕಿದ್ದು ಇದೊಂದೇ.

ಆದರೆ ಗಾಳಿಸುದ್ದಿ ಎಂದು ತಾನೇ ಹೇಳಿದವಳು ಕೆಲವನ್ನು ನಂಬಿಬಿಡುತ್ತಾಳೆ. ಜುಲೈ ಕೊನೆಯ ಪತ್ರದಲ್ಲಿ, ಡಾಕ್ಟರ್ ಜೋಸೆಫ್ ವಾರೆನ್ ಹೆಣದ ತಲೆ ಕಡಿದು ಬಾಸ್ಟನ್‌ನಲ್ಲಿದ್ದ ಸೇನಾಪತಿ ಜನರಲ್ ಗೇಜ್‌ಗೆ ಒಯ್ಯಲು ಬ್ರಿಟಿಷ್ ಅಧಿಕಾರಿಗಳು ಮಾತಾಡಿಕೊಂಡರು ಎಂಬ ಸುದ್ದಿ ಇದೆ. ಇದನ್ನೂ ಹಾಗೇ ಬಿಡಲಾ?

ಫಿರಂಗಿಸದ್ದು:

ತಪ್ಪಾಯ್ತು ಮೇಡಂ.

ತಲೆ ಹೋಗಿರಲಿಲ್ಲ. ಬ್ರಿಟಿಷರು ಹೊರಟ ಮೇಲೆ, 1776ರ ವಸಂತದಲ್ಲಿ, ವಾರೆನ್ ದೇಹವನ್ನು ಅಗೆದು ತೆಗೆದರು. ಗುರುತು ಹಿಡಿದದ್ದು ಪಾಲ್ ರೆವಿಯರ್. ಬೆಳ್ಳಿ ಕೆಲಸದ ಜೊತೆ ಹಲ್ಲು ಕಟ್ಟುವ ಕೆಲಸವನ್ನೂ ಮಾಡುತ್ತಿದ್ದವನು. ವಾರೆನ್ ಬಾಯಲ್ಲಿ ತಾನೇ ತಂತಿಯಿಂದ ಕಟ್ಟಿದ್ದ ಹಲ್ಲು ನೋಡಿ ಹೇಳಿದ.

ಆ ಸುದ್ದಿಯನ್ನು ಅವಳು ಯಾಕೆ ನಂಬಿದಳು ಅಂದರೆ, ವಾರೆನ್ ಆಡಮ್ಸ್ ಮನೆಯವರಿಗೆ ಬರೀ ನಾಯಕ ಅಲ್ಲ, ಮನೆಯ ಡಾಕ್ಟರ್. ಜಾನ್ ಕ್ವಿನ್ಸಿಯ ತೋರುಬೆರಳು ಮುರಿದು ಕತ್ತರಿಸಬೇಕಾಗಿ ಬಂದಿದ್ದಾಗ ಅದನ್ನು ಉಳಿಸಿಕೊಟ್ಟವರು ಅವರೇ. ಹಾಗೇ ಬಿಡಿ. ಹಿಂದಿನ ಟಿಪ್ಪಣಿಯಲ್ಲಿ ಹಲ್ಲಿನ ಕಥೆ ಹಾಕಿ.

ಅರಗು:

ತಡವಾಗಿ ಬಂದೆ. ಎಲ್ಲರೂ ಆಡಮ್ಸ್ ಮನೆಯ ಸುತ್ತಲೇ ತಿರುಗುತ್ತಿದ್ದೀರಿ ಎಂದು ಒಂದು ತಕರಾರು. ಹೌದು, ಆ ಗಂಡಹೆಂಡಿರ ನಡುವೆ ಸಾವಿರದ ನೂರಕ್ಕೂ ಜಾಸ್ತಿ ಪತ್ರ ಉಳಿದಿವೆ, ಅದಕ್ಕೇ ನಮಗೆ ಅವರೇ ಕಾಣುತ್ತಾರೆ. ಮಾರ್ಥಾ ವಾಷಿಂಗ್ಟನ್ ಗಂಡನ ಕಾಗದಗಳನ್ನು ಸುಟ್ಟುಹಾಕಿದರು, ಬೆರಳೆಣಿಕೆಯಷ್ಟು ಉಳಿದಿವೆ. ತಮಾಷೆ ಎಂದರೆ ಹಾಗೆ ಉಳಿದದ್ದರಲ್ಲಿ ಒಂದರ ತಾರೀಖೂ 1775ರ ಜೂನ್ 18! ಅಬಿಗೇಲ್ ಫಿರಂಗಿ ಕೇಳುತ್ತಾ ಬರೆಯುತ್ತಿದ್ದ ದಿನವೇ ಜಾರ್ಜ್ ಫಿಲಡೆಲ್ಫಿಯಾದಲ್ಲಿ ಕೂತು, ನನ್ನನ್ನು ಸೇನಾಪತಿ ಮಾಡಿದ್ದಾರೆ ಎಂದು ಹೆಂಡತಿಗೆ ತಿಳಿಸುತ್ತಿದ್ದರು.

ಮೇಡಂ, ನಿಮ್ಮ ಸಂಗ್ರಹದಲ್ಲಿ ಜೋಸೆಫ್ ಮತ್ತು ಸಾರಾ ಹಾಡ್ಜ್‌ಕಿನ್ಸ್ ಒಂದೆರಡು ಪತ್ರವಾದರೂ ಇರಲಿ. ಮೆಸಾಚೂಸೆಟ್ಸ್‌ನ ಇಪ್ಸ್‌ವಿಚ್ ಊರಿನವರು. ಆತ ಚಪ್ಪಲಿ ಹೊಲಿಯುವವನು. ಕಾಗುಣಿತ ಬಾಯಲ್ಲಿ ಬಂದ ಹಾಗೆ. ಬಂಕರ್ ಹಿಲ್‌ನಲ್ಲಿ ಅವನೂ ಇದ್ದ. ಹೆಂಡತಿಗೆ ಬರೆದದ್ದೇನು? ಒಂದು ಗುಂಡು ಕಂಕುಳ ಕೆಳಗೆ ಹಾದು ಕೋಟಿನಲ್ಲಿ ದೊಡ್ಡ ತೂತು ಮಾಡಿತು, ಇನ್ನೊಂದು ಚರೆ ಕೋಟು, ಒಳಗಿನ ಅಂಗಿ ಎರಡನ್ನೂ ತೂರಿತು, ನನಗೇನೂ ಆಗಲಿಲ್ಲ. ಅಷ್ಟೇ. ನಿರ್ಣಾಯಕ ದಿನವೂ ಇಲ್ಲ, ದೇಶದ ಭವಿಷ್ಯವೂ ಇಲ್ಲ. ಓದಿದ ಸಾರಾಗೆ ಮೊದಲು ಕಂಡದ್ದು ಹೊಲಿಯಬೇಕಾದ ತೂತೋ, ಕಂಕುಳ ಪಕ್ಕದ ಎದೆಯೋ, ಯೋಚಿಸಿ. ಅವನು ಸೈನ್ಯದ ಅವಧಿ ಮುಂದುವರಿಸುವುದು ಅವಳಿಗೆ ಬೇಡವಾಗಿತ್ತು, ಕಾಗದದಲ್ಲಿ ನೇರವಾಗಿ ಹೇಳಿದಳು. ಅವನು ಕೇಳಲಿಲ್ಲ. 1779ರವರೆಗೂ ಇದ್ದ.

ಇನ್ನು ನೀನು, ನೀವು ಪ್ರಶ್ನೆ. ನನಗಂತೂ ಇದು ಲೂಸಿ ನಾಕ್ಸ್ ಪತ್ರದಲ್ಲೇ ಬಗೆಹರಿಯಿತು. ಅವಳ ಗಂಡ ಹೆನ್ರಿ ನಾಕ್ಸ್, ಟೈಕಾಂಡರೋಗಾ ಕೋಟೆಯಿಂದ ಹಿಮದಲ್ಲಿ ಫಿರಂಗಿಗಳನ್ನು ಎಳೆಸಿಕೊಂಡು ಬಂದವನು. ಬಾಸ್ಟನ್ ಬಿಡಿಸಿದ್ದು ಆ ಫಿರಂಗಿಗಳೇ. ಲೂಸಿಯ ತವರು ಮಾತ್ರ ರಾಜನ ಕಡೆ. ತಂದೆ ಮೆಸಾಚೂಸೆಟ್ಸ್‌ನಲ್ಲಿ ರಾಜ ನೇಮಿಸಿದ ಕಾರ್ಯದರ್ಶಿ. ಅವರೆಲ್ಲ ಇಂಗ್ಲೆಂಡಿಗೆ ಹೋದರು. ಅವಳು ಮತ್ತೆಂದೂ ಅವರ ಮುಖ ನೋಡಲಿಲ್ಲ. ಯುದ್ಧದ ಸುದ್ದಿ ಅನ್ನುವುದು ಅವಳಿಗೆ ಎರಡು ಕಡೆಯಿಂದಲೂ ಬರುವ ಸುದ್ದಿ. ಟ್ರೆಂಟನ್ ಕದನ ಗೆದ್ದ ಮೇಲೆ 1776ರ ಡಿಸೆಂಬರ್ 28ಕ್ಕೆ ಹೆನ್ರಿ ಅವಳಿಗೆ ಬರೆದ, ಡೆಲವೇರ್ ನದಿಯ ತೇಲುವ ಮಂಜುಗಡ್ಡೆಯ ಮಧ್ಯೆ ದಾಟಿದ ಕಷ್ಟವನ್ನು. ಹೊಗಳಿಕೆ ಬಯಸಿದ್ದನೇನೋ. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಲೂಸಿ ಬರೆದದ್ದು ಇದು: ಯುದ್ಧ ಮುಗಿಸಿ ಬಂದಾಗ ಮನೆಯಲ್ಲೂ ನೀನೇ ಸೇನಾಪತಿ ಅಂದುಕೊಳ್ಳಬೇಡ, ಸಮಾನ ಅಧಿಕಾರ ಎಂಬುದೊಂದಿದೆ. ಇದನ್ನು ‘ನೀವೇ ಸೇನಾಪತಿ ಅಂದುಕೊಳ್ಳಬೇಡಿ’ ಎಂದು ಬರೆದು ನೋಡಿ. ಬೈಗುಳ ಹೋಗಿ ಮನವಿ ಆಗುತ್ತದೆ.

ಅಬಿಗೇಲ್ ಪತ್ರ ಶುರುವಾಗುವುದೇ ‘ಪ್ರಾಣಸ್ನೇಹಿತ’ ಎಂದು. ಸ್ನೇಹಿತನಿಗೆ ನೀವು ಅನ್ನುತ್ತೀರಾ?

ಹಳೇಟಪಾಲು:

ನಾನು ಮೇಲೆ ‘ನಿಮ್ಮ ಕಾಗದಗಳೆಲ್ಲ’ ಎಂದು ಬರೆದುಬಿಟ್ಟಿದ್ದೇನೆ. ಅರಗು ಅವರು ಹೇಳಿದ ಮೇಲೆ ಓದಿದರೆ ನನಗೇ ಸಪ್ಪೆ ಅನಿಸುತ್ತಿದೆ. ‘ನಿನ್ನ’ ಎಂದು ಓದಿಕೊಳ್ಳಿ.

ಗುಂಡುಸೂಜಿಯ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. ದಯವಿಟ್ಟು ತೆಗೆಯಬೇಡಿ, ಅದೂ ಯುದ್ಧದ ಸುದ್ದಿಯೇ. ಆಗ ಹೆಂಗಸರ ಉಡುಪಿನ ಮುಂಭಾಗ ನಿಲ್ಲುತ್ತಿದ್ದದ್ದೇ ಗುಂಡುಸೂಜಿಯ ಮೇಲೆ. ಬರುತ್ತಿದ್ದದ್ದು ಇಂಗ್ಲೆಂಡಿನಿಂದ. 1774ರ ಜೂನ್‌ನಿಂದ ಬಾಸ್ಟನ್ ಬಂದರು ಮುಚ್ಚಿದೆ. ಅದೇ ಡಿಸೆಂಬರ್‌ನಿಂದ ಬ್ರಿಟಿಷ್ ಸಾಮಾನು ತರಿಸುವುದಿಲ್ಲ ಎಂದು ಕಾಂಗ್ರೆಸ್ಸೇ ಕಟ್ಟು ಹಾಕಿದೆ. ಆ ಕಟ್ಟಿಗೆ ಕೈಯೆತ್ತಿದವರಲ್ಲಿ ಅವಳ ಗಂಡನೂ ಒಬ್ಬ! ಅವನಿಗೇ ಸೂಜಿ ತಾ ಅನ್ನುತ್ತಿದ್ದಾಳೆ.

1777ರ ಜುಲೈ 31ರ ಪತ್ರವನ್ನೂ ಸೇರಿಸಿಕೊಳ್ಳಿ. ಬಾಸ್ಟನ್‌ನ ಒಬ್ಬ ಶ್ರೀಮಂತ ಜಿಪುಣ ವ್ಯಾಪಾರಿ, ಬ್ರಹ್ಮಚಾರಿ ಬೇರೆ, ಕಾಫಿಯನ್ನು ಪೌಂಡಿಗೆ ಆರು ಶಿಲ್ಲಿಂಗ್‌ಗಿಂತ ಕಡಿಮೆಗೆ ಕೊಡುವುದಿಲ್ಲ ಅಂದ. ನೂರು ಜನ ಹೆಂಗಸರು, ಇನ್ನೂ ಜಾಸ್ತಿ ಅನ್ನುವವರೂ ಇದ್ದಾರೆ, ಗಾಡಿ ತೆಗೆದುಕೊಂಡು ಅವನ ಉಗ್ರಾಣಕ್ಕೆ ಹೋದರು. ಕೀಲಿ ಕೇಳಿದರೆ ಕೊಡಲಿಲ್ಲ. ಒಬ್ಬಳು ಕುತ್ತಿಗೆ ಹಿಡಿದು ಅವನನ್ನು ಗಾಡಿಗೆ ಎಸೆದಳು. ಕೀಲಿ ಕೊಟ್ಟ. ಗಾಡಿ ಮಗುಚಿ ಅವನನ್ನು ಕೆಳಗೆ ಸುರಿದು, ಕಾಫಿ ಹೊತ್ತು ಹೊರಟರು. ಗಂಡಸರ ಗುಂಪು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿತ್ತಂತೆ. ಇದನ್ನು ಬರೆಯುವ ಮೂರು ವಾರಕ್ಕೆ ಮುಂಚೆ ಅಬಿಗೇಲ್‌ಗೆ ಹೆರಿಗೆಯಾಗಿ, ಹೆಣ್ಣು ಮಗು ಸತ್ತೇ ಹುಟ್ಟಿತ್ತು.

ಒಂದು ಎಚ್ಚರಿಕೆ. ಮೊಮ್ಮಗ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್ 1840ರಲ್ಲಿ ಅಚ್ಚು ಹಾಕಿಸಿದ ಪಾಠ ನಿಮ್ಮ ಹತ್ತಿರ ಇದ್ದರೆ ಅದರಲ್ಲಿ ಅಜ್ಜಿಯ ಕಾಗುಣಿತವನ್ನೆಲ್ಲ ತಿದ್ದಿದ್ದಾರೆ. ಮೆಸಾಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯ ಜಾಲತಾಣದಲ್ಲಿ ಅವಳ ಕೈಬರಹದ ಚಿತ್ರಗಳೇ ಇವೆ, ನೋಡಿ.

ಮಸಿಕುಡಿಕೆ:

ನೋಡಿದೆ. ನಿನ್ನೆ ರಾತ್ರಿಯೆಲ್ಲ ಅದೇ ಕೆಲಸ. ನನ್ನ ಹತ್ತಿರ ಇದ್ದದ್ದು ಮೊಮ್ಮಗನ ಪಾಠವೇ! ಕೈಬರಹ ನೋಡಿದ ಮೇಲೆ ಮೊದಲ ಹತ್ತು ಪುಟ ಕಿತ್ತುಹಾಕಿ ಹೊಸದಾಗಿ ಕೂತೆ. ನೀನು ಎಂದೇ ಹಾಕಿದ್ದೇನೆ. ಗುಂಡುಸೂಜಿ ಉಳಿಯಿತು. ಗೆಳತಿಗೆ ಕಾಫಿ ಗಾಡಿಯ ಕಥೆ ಓದಿ ಹೇಳಿದೆ, ಸಂತೆ ಚೀಟಿ ಎಂಬ ಮಾತು ವಾಪಸ್ ತೆಗೆದುಕೊಂಡಿದ್ದಾಳೆ. ಸಾರಾ ಹಾಡ್ಜ್‌ಕಿನ್ಸ್ ಇನ್ನೂ ಸಿಕ್ಕಿಲ್ಲ, ಹುಡುಕುತ್ತೇನೆ.

ಜೂನ್ 18 ಈಗ ಹೀಗಿದೆ, ನೋಡಿ ಹೇಳಿ:

“ಶನಿವಾರ ಬೆಳಗಿನ ಜಾವ ಮೂರರ ಹೊತ್ತಿಗೆ ಶುರುವಾದದ್ದು ಇನ್ನೂ ನಿಂತಿಲ್ಲ. ಈಗ ಭಾನುವಾರ ಮಧ್ಯಾಹ್ನ ಮೂರು ಗಂಟೆ. ಎಷ್ಟು ಜನ ಬಿದ್ದರೋ ಗೊತ್ತಿಲ್ಲ. ಇನ್ನು ಬರೆಯಲು ಮನಸ್ಸು ಹಿಡಿತಕ್ಕೆ ಬರುತ್ತಿಲ್ಲ. ಮುಂದೆ ಕೇಳಿದ್ದನ್ನು ಸೇರಿಸುತ್ತೇನೆ.”

ಇದಾದ ಮೇಲೆ ಜಾಗ ಬಿಟ್ಟು, ಮಂಗಳವಾರ. ಎಷ್ಟು ಸಾಲು ಬಿಡಬೇಕು ಎಂಬುದೊಂದು ಉಳಿದಿದೆ. ಸದ್ಯಕ್ಕೆ ಮೂರು ಬಿಟ್ಟಿದ್ದೇನೆ.